ನಾಲ್ಕು ಗಂಟೆಯ ಫೇಶಿಯಲ್

ಆ ದಿನದ ಅವಾಂತರಕ್ಕೆಲ್ಲ ಮೂಲ, ಬೆಳಿಗ್ಗೆ ಹಲ್ಲುಜ್ಜುತ್ತ ಅವನು ಆಡಿದ ಒಂದು ಮಾತು.

ಹೆಂಡತಿ ಕನ್ನಡಿಯ ಮುಂದೆ ನಿಂತು ಕೆನ್ನೆ ಸವರಿಕೊಳ್ಳುತ್ತಿದ್ದಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಎರಡೂ ಕೆನ್ನೆಯ ಮೇಲೆ, ಮೂಗಿನ ಮೇಲೆ ಬಂಗು ಎದ್ದು, ಬಿಳಿ ಬಟ್ಟೆಯ ಮೇಲೆ ಚೆಲ್ಲಿದ ಚಹದ ಹಾಗೆ ಹರಡಿಕೊಂಡಿತ್ತು.

"ಎಷ್ಟು ಕಪ್ಪಾಗಿದೆ ನೋಡ್ರೀ" ಎಂದಳು.

ಇಂಥ ಹೊತ್ತಿನಲ್ಲಿ ಗಂಡನಾದವನು "ಎಲ್ಲಿ ಕಪ್ಪು? ನಂಗೇನೂ ಕಾಣಿಸ್ತಿಲ್ವಲ್ಲ" ಎಂದು ಬಾಯಿ ಮುಕ್ಕಳಿಸಿ ಹೊರಗೆ ಹೋಗಬೇಕು. ಆದರೆ ಇವನು ಮನೆಗಳಿಗೆ ಬಣ್ಣ ಹೊಡೆಯುವವನು. ಹದಿನೈದು ವರ್ಷದಿಂದ ಗೋಡೆಗಳ ಕಲೆ ನೋಡಿ ಅಭಿಪ್ರಾಯ ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. ಬಾಯಲ್ಲಿ ನೊರೆ ಇಟ್ಟುಕೊಂಡೇ ತಲೆ ವಾರೆ ಮಾಡಿ ಒಂದು ಸಲ ನೋಡಿದ.

"ಒಂದು ಕೋಟು ಪ್ರೈಮರ್ ಹೊಡೆದ್ರೆ ಸರಿಹೋಗುತ್ತೆ ಬಿಡು."

ಅವಳು ಏನೂ ಅನ್ನಲಿಲ್ಲ. ಅದೇ ಭಯ. ನಡುಮನೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಅವಳು ಬಟ್ಟೆ ಹೊಲಿಯುವವಳು. ಸಿಟ್ಟು ಬಂದರೆ ಬಾಯಿ ಮುಚ್ಚಿ ಯಂತ್ರದ ಕೈಲಿ ಮಾತಾಡಿಸುವವಳು. ಅಂದು ಆ ಯಂತ್ರ ಓಡಿದ ರಭಸಕ್ಕೆ ಮೇಜಿನ ಮೇಲಿದ್ದ ಲೋಟ ನಡುಗುತ್ತ ನಡುಗುತ್ತ ಅಂಚಿನವರೆಗೂ ನಡೆದು ಬಂದಿತ್ತು.

"ತಮಾಷೆಗೆ ಅಂದೆ ಕಣೇ."

ಟಕಟಕಟಕ ಎಂದಿತು ಯಂತ್ರ.

"ತಪ್ಪಾಯ್ತು ಮಾರಾಯ್ತಿ."

ಟಕಟಕಟಕಟಕಟಕ.

ಮುಖ ತೊಳೆಯಲು ಹಿಂದಿರುಗಿದಾಗ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಹೆಂಡತಿಯ ದುಂಡು ಅಕ್ಷರ: "ಸಂಜೆ ನಾಲ್ಕಕ್ಕೆ ಪಾರ್ಲರ್, ಫೇಶಿಯಲ್, ಒಬ್ಬರಿಗೆ. ಐದಕ್ಕೆ ಸ್ಟುಡಿಯೋ, ಫೋಟೋ. ಕೆಲಸಕ್ಕೆ ರಜೆ ಹಾಕಿ."

ಫೋಟೋ ಸಂಗತಿ ಅವನಿಗೆ ಗೊತ್ತಿತ್ತು. ಮಗು ಹುಟ್ಟುವ ಮೊದಲು ಇಬ್ಬರೂ ಒಂದು ಒಳ್ಳೆಯ ಫೋಟೋ ತೆಗೆಸಬೇಕೆಂದು ಅವಳು ಮೂರು ತಿಂಗಳಿಂದ ಹೇಳುತ್ತಿದ್ದಳು. ಫೋಟೋದವನು ನಾಳೆಯಿಂದ ಎರಡು ತಿಂಗಳು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದ. ಇವತ್ತು ತಪ್ಪಿದರೆ ಆಮೇಲೆ ಮಗು ಎತ್ತಿಕೊಂಡೇ ತೆಗೆಸಬೇಕು. ಪಾಪ, ಫೋಟೋಕ್ಕೆಂದು ಆಸೆಪಟ್ಟು ಫೇಶಿಯಲ್‌ಗೆ ಹೇಳಿಟ್ಟಿದ್ದಾಳೆ, ಆ ಮುಖಕ್ಕೆ ನಾನು ಪ್ರೈಮರ್ ಹೊಡೀತೀನಿ ಅಂದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಏನಾದರೂ ಮಾಡಿ ನಾಲ್ಕು ಗಂಟೆಯೊಳಗೆ ಅವಳು ನಗುವಂತೆ ಮಾಡಬೇಕು. ಮುಖ ಊದಿಸಿಕೊಂಡು ಫೋಟೋಕ್ಕೆ ಕೂತರೆ ಅದು ಜೀವಮಾನವಿಡೀ ಗೋಡೆಯ ಮೇಲೆ ಕೂತು ಇವನನ್ನು ದುರುಗುಟ್ಟಿ ನೋಡುತ್ತದೆ.

ಈಗಾಗಲೇ ಗೋಡೆಯ ಮೇಲೆ ಒಂದು ಫೋಟೋ ಇತ್ತು, ಮದುವೆಯದು. ಅದರಲ್ಲಿ ಇವನ ಬಲಗಿವಿ ಹಸಿರು. ಮದುವೆಯ ಹಿಂದಿನ ದಿನದವರೆಗೂ ಕೆಲಸ ಮಾಡಿದ್ದ, ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಚಾಳಿ ಬೇರೆ. ಮುಖವನ್ನೆಲ್ಲ ಉಜ್ಜಿ ತೊಳೆದವರು ಕಿವಿಯ ಹಿಂದೆ ನೋಡಿರಲಿಲ್ಲ. ಮನೆಗೆ ಬಂದವರೆಲ್ಲ ಮದುಮಗಳನ್ನು ಬಿಟ್ಟು ಮೊದಲು ಆ ಕಿವಿಯನ್ನೇ ಕೇಳುತ್ತಿದ್ದರು.

ಮೆಟ್ಟಿಲಿಳಿದರೆ ಕೆಳಗಿನ ಮನೆಯ ಕಾಂಪೌಂಡರ್ ತಾತ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಕಟ್ಟಡದವರ ಕೆಮ್ಮು, ಸೀನು, ಬಿಕ್ಕಳಿಕೆ ಒಂದನ್ನೂ ಅವರು ಬಿಟ್ಟುಕೊಟ್ಟಿರಲಿಲ್ಲ.

"ಏನು ಡಿಸ್ಟೆಂಪರಣ್ಣ, ಮುಖ ಸಪ್ಪಗಿದೆ? ಮೇಲೆ ಯಂತ್ರ ಓಡ್ತಿರೋ ಸ್ಪೀಡ್ ನೋಡಿದ್ರೆ ಏನೋ ಆಗಿದೆ."

ಕಟ್ಟಡದವರೆಲ್ಲ ಇವನನ್ನು ಹಾಗೇ ಕರೆಯುತ್ತಿದ್ದರು. ಇವನು ಚೀಟಿಯ ವಿಷಯ ಹೇಳಿದ.

"ಫೇಶಿಯಲ್ಲಾ? ಬಸುರಿ ಹೆಂಗಸಿಗಾ?" ತಾತ ಕುರ್ಚಿಯಿಂದ ಅರ್ಧ ಎದ್ದರು. "ಅದರೊಳಗೆ ಏನೇನು ಕೆಮಿಕಲ್ ಇರುತ್ತೆ ಅಂತ ನೋಡಿದ್ದೀಯಾ? ಬ್ಲೀಚು, ಚರ್ಮ ಸುಲಿಯೋದು... ಹಚ್ಚಿದ್ದು ಮುಖಕ್ಕೆ ಮಾತ್ರ ನಿಲ್ಲುತ್ತಾ? ನೀನು ಗೋಡೆಗೆ ಹಚ್ಚೋ ಮೊದ್ಲು ಡಬ್ಬದ ಮೇಲೆ ಏನು ಬರೆದಿದೆ ಅಂತ ಓದಲ್ವಾ?"

ಗೋಡೆಗೇ ಓದುವವನು ಹೆಂಡತಿಗೆ ಓದದೆ ಇರುತ್ತಾನೆಯೇ? ನೆಟ್ಟಗೆ ಪಾರ್ಲರಿಗೆ ಹೊರಟ.

ಪಾರ್ಲರ್ ನಡೆಸುವಾಕೆ ಸಾಮಾನು ತರಲು ಹೋಗಿದ್ದಳು. ಅವಳ ತಾಯಿ, ಒಬ್ಬ ಅಜ್ಜಿ, ಬಾಗಿಲಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು.

"ಅಜ್ಜಿ, ನಾಲ್ಕು ಗಂಟೆ ಫೇಶಿಯಲ್‌ಗೆ ಏನೇನು ಹಚ್ಚುತ್ತಾರೆ?"

"ನಂಗೇನು ಗೊತ್ತಪ್ಪ. ನಾಲ್ಕು ಗಂಟೆಯದಕ್ಕೆ ಅಂತ ಮಗಳು ಆ ತಟ್ಟೇಲಿ ತೆಗೆದಿಟ್ಟು ಹೋಗಿದ್ದಾಳೆ."

ತಟ್ಟೆಯಲ್ಲಿ ಐದು ಬಿಳಿ ಡಬ್ಬಿಗಳಿದ್ದವು, ಐದೂ ಒಂದೇ ಅಳತೆ. ದೊಡ್ಡ ಡಬ್ಬದಲ್ಲಿ ತರಿಸಿ ಸಣ್ಣದಕ್ಕೆ ತುಂಬಿಡುವುದು ಅಲ್ಲಿಯ ಪದ್ಧತಿ. ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿತ್ತು: ಬ್ಲೀಚ್, ಸಿಪ್ಪೆ ತೆಗೆಯುವ ಕ್ರೀಮು, ಸ್ಕ್ರಬ್, ಲೋಳೆಸರ, ಬಿಸಿಲಿನ ಕ್ರೀಮು.

ಅವನಿಗೆ ಕಸುಬಿನ ಸಿಟ್ಟು ಬಂತು. "ಏನಜ್ಜಿ ಇದು, ಮುಚ್ಚಳದ ಮೇಲೆ ಬರೀತಾರಾ ಯಾರಾದ್ರೂ? ನಂಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲನೇ ದಿನ ಹೇಳಿದ್ದೇ ಅದು. ಮುಚ್ಚಳ ಊರು ಸುತ್ತುತ್ತೆ, ಡಬ್ಬ ಇದ್ದಲ್ಲೇ ಇರುತ್ತೆ, ಬರೆದ್ರೆ ಡಬ್ಬದ ಮೈಮೇಲೆ ಬರಿ ಅಂತ. ಇವನ್ನ ಒಂದ್ಸಲ ಡಾಕ್ಟರಿಗೆ ತೋರಿಸ್ಬೇಕು."

"ನಿಮ್ಮ ಮೇಸ್ತ್ರೀನ ನನ್ನ ಮಗಳ ಹತ್ರ ಕಳಿಸು" ಎಂದರು ಅಜ್ಜಿ, ಹೆಣಿಗೆಯಿಂದ ಕಣ್ಣೆತ್ತದೆ. "ತಗೊಂಡು ಹೋಗೋದಾದ್ರೆ ನಾಲ್ಕರೊಳಗೆ ತಂದುಬಿಡು."

ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೆಂಡತಿಯನ್ನು ನೋಡುವ ಡಾಕ್ಟರಮ್ಮನ ಹತ್ತಿರ ಹೋದ. ಅಲ್ಲಿ ಸಾಲಾಗಿ ಹನ್ನೊಂದು ಬಸುರಿಯರು ಕೂತಿದ್ದರು. ನಡುವೆ ಇವನೊಬ್ಬ ಗಂಡಸು, ತೊಡೆಯ ಮೇಲೆ ಕ್ರೀಮಿನ ಚೀಲ ಇಟ್ಟುಕೊಂಡು. ಪಕ್ಕದಾಕೆ ಮರುಕದಿಂದ "ನಿಮಗೆಷ್ಟು ತಿಂಗಳು?" ಎಂದು ಕೇಳಿ ಬಾಯಿಗೆ ಸೆರಗು ಹಿಡಿದುಕೊಂಡಳು. ಹನ್ನೊಂದು ಜನರೂ ನಕ್ಕರು. ಎರಡು ಗಂಟೆ ಹೊತ್ತು, ಹೊಸಬರು ಬಂದಾಗಲೆಲ್ಲ ಆ ನಗು ಅವರಿಗೂ ದಾಟಿತು.

ಡಾಕ್ಟರಮ್ಮ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಹುಬ್ಬೇರಿಸಿದರು.

"ಇದನ್ನ ಬಸುರಿಗೆ ಅಂತ ತೆಗೆದಿಟ್ಟಿದ್ದಾರಾ? ಇದು ಎಂಥದೋ ದಪ್ಪ ಚರ್ಮಕ್ಕೆ ಹಾಕೋ ಸಾಮಾನು. ಬ್ಲೀಚ್ ಈಗ ಬೇಡ. ಈ ಸಿಪ್ಪೆ ತೆಗೆಯೋ ಕ್ರೀಮಂತೂ ಬೇಡವೇ ಬೇಡ. ಇಂಥದ್ರಲ್ಲಿ ವಿಟಮಿನ್ ಎ ಜಾತಿ ಮದ್ದು ಇರುತ್ತೆ, ಬಸುರಿಯರು ಅದರ ತಂಟೆಗೇ ಹೋಗಬಾರದು. ಸ್ಕ್ರಬ್ ಮೆಲ್ಲಗೆ ಉಜ್ಜಿದ್ರೆ ಪರವಾಗಿಲ್ಲ. ಲೋಳೆಸರ ಹಚ್ಚಲಿ. ಬಿಸಿಲಿನ ಕ್ರೀಮು ಮಾತ್ರ ದಿನಾ ಹಚ್ಚಬೇಕು."

ಹೇಳುತ್ತ ಹೇಳುತ್ತ ಕೆಂಪು ಪೆನ್ನು ತೆಗೆದು ಎರಡು ಮುಚ್ಚಳಕ್ಕೆ ತಪ್ಪು ಗುರುತು, ಮೂರು ಮುಚ್ಚಳಕ್ಕೆ ಸರಿ ಗುರುತು ಹಾಕಿದರು. "ಬಂಗು ಬಸುರಿನಲ್ಲಿ ಬರೋದೇ. ಹೆರಿಗೆ ಆದ್ಮೇಲೆ ಎಷ್ಟೋ ಜನಕ್ಕೆ ತಾನಾಗೇ ತಿಳಿಯಾಗುತ್ತೆ. ಹೊಸದು ಏನೇ ಹಚ್ಚಲಿ, ಮೊದ್ಲು ಮೊಣಕೈ ಒಳಗಡೆ ಚೂರು ಹಚ್ಚಿ ಒಂದು ದಿನ ಬಿಟ್ಟು ನೋಡಬೇಕು. ಇದೆಲ್ಲ ನಿಮ್ಮ ಹೆಂಡತಿ ಹೋದ ತಿಂಗಳೇ ಕೇಳಿಕೊಂಡು ಹೋಗಿದ್ದಾರಲ್ಲ! ಅವರನ್ನೇ ಕೇಳಿದ್ರೆ ಆಗ್ತಿತ್ತು."

"ಅವಳು ಮಾತಾಡ್ತಿಲ್ಲ ಮೇಡಂ."

"ಏನಂದ್ರಿ ನೀವು?"

ಹೇಳಿದ. ಡಾಕ್ಟರಮ್ಮ ಪೆನ್ನಿನ ಕ್ಯಾಪ್ ಹಾಕಿ, "ಇದಕ್ಕೆ ನನ್ನ ಹತ್ರ ಮದ್ದಿಲ್ಲ" ಎಂದರು.

ಮನೆಗೆ ಬರುವಾಗ ಎರಡು ಗಂಟೆ ದಾಟಿತ್ತು. ಮೆಟ್ಟಿಲ ಮೇಲೆ ಕಾಂಪೌಂಡರ್ ತಾತ ಕಾದೇ ಇದ್ದರು. ಮೇಲಿನ ಮನೆಯ ಟೀಚರಮ್ಮನಿಗೂ ಸುದ್ದಿ ಮುಟ್ಟಿತ್ತು. ಶಾಲೆಗೆ ರಜೆ, ಆಕೆಗೆ ತಿದ್ದಲು ಏನೂ ಇರಲಿಲ್ಲ.

"ತೋರ್ಸಿ, ತೋರ್ಸಿ" ಎಂದರು ಟೀಚರಮ್ಮ.

ಐದು ಡಬ್ಬಿಗಳು ಮೆಟ್ಟಿಲ ಮೇಲೆ ಸಾಲಾಗಿ ಕೂತವು. ಐದು ಮುಚ್ಚಳಗಳು ಟೀಚರಮ್ಮನ ಮಡಿಲು ಸೇರಿದವು. ತಾತ ಒಂದೊಂದನ್ನೂ ಮೂಸಿ, "ಹ್ಞೂಂ, ಇದು ನಮ್ಮ ಕಾಲದಲ್ಲೇ ಇತ್ತು" ಎಂದರು. ಎಲ್ಲವೂ ಅವರ ಕಾಲದಲ್ಲೇ ಇತ್ತು. ಟೀಚರಮ್ಮ ಬೆರಳಲ್ಲಿ ಮುಟ್ಟಿ ನೋಡಿ, ಇಬ್ಬರೂ ಯಾವುದು ಎಷ್ಟು ಹೊತ್ತು ಇಡಬೇಕೆಂದು ವಾದಕ್ಕೆ ಬಿದ್ದರು. ಇವನು ಮೇಲಿನ ಹೊಲಿಗೆ ಯಂತ್ರದ ಕಡೆ ಒಂದು ಕಿವಿ ಇಟ್ಟೇ ಇದ್ದ.

ಯಂತ್ರ ನಿಂತಿತು.

"ಅಯ್ಯೋ, ಎದ್ಲು!"

ಮೂವರ ಆರು ಕೈಗಳೂ ಒಟ್ಟಿಗೆ ಎದ್ದವು. ಸಿಕ್ಕ ಮುಚ್ಚಳ ಸಿಕ್ಕ ಡಬ್ಬಿಗೆ ಬಿತ್ತು. ಹೆಂಡತಿ ಮೇಲಿನಿಂದ ಕಂಬಿಗೆ ಬಗ್ಗಿ ನೋಡುವಾಗ ಮೂವರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಸೂರು ನೋಡುತ್ತಿದ್ದರು. ಅವಳು ಒಬ್ಬೊಬ್ಬರನ್ನೂ ನೋಡಿದಳು. ಒಳಗೆ ಹೋದಳು. ಟಕಟಕಟಕ.

"ಬದುಕಿಕೊಂಡ್ವಿ" ಎಂದು ತಾತ ಒಂದು ಡಬ್ಬಿ ತೆರೆದರು. ಮುಚ್ಚಳದ ಮೇಲೆ ಸ್ಕ್ರಬ್ ಎಂದಿತ್ತು. ಒಳಗೆ ಬೆಣ್ಣೆಯಂಥ ಕ್ರೀಮು.

ಮೂವರೂ ಮುಖ ಮುಖ ನೋಡಿಕೊಂಡರು.

"ಮುಚ್ಚಳದ ಮೇಲೆ ಬರೀಬಾರದು ಅಂತ ನಾನು ಬೆಳಿಗ್ಗೇನೇ ಹೇಳಿದ್ದೆ" ಎಂದ ಅವನು, ಅಳುವ ದನಿಯಲ್ಲಿ.

ತರಿತರಿಯಾಗಿದ್ದದ್ದು ಸ್ಕ್ರಬ್, ಲೋಳೆಲೋಳೆಯಾಗಿದ್ದದ್ದು ಲೋಳೆಸರ. ಅವೆರಡು ಸಿಕ್ಕವು. ಉಳಿದ ಮೂರು ಮಾತ್ರ ಒಂದೇ ಬಸಿರಿನ ತ್ರಿವಳಿಗಳಂತೆ ಬೆಳ್ಳಗೆ, ನುಣ್ಣಗೆ, ಬಾಯಿ ಬಿಡದೆ ಕೂತಿದ್ದವು. ಅದರಲ್ಲಿ ಎರಡು ಅವಳ ಮುಖದ ಹತ್ತಿರವೂ ಸುಳಿಯಬಾರದು.

"ಪರೀಕ್ಷೆ ಮಾಡೋದೇ" ಎಂದರು ತಾತ. "ಚೂರು ಹಚ್ಚಿ ನೋಡೋಣ."

ಇದು ಅವನಿಗೂ ಒಪ್ಪಿಗೆಯಾಯಿತು. ಹೊಸ ಬಣ್ಣವಾದರೆ ಅವನೂ ಗೋಡೆಯ ಮೂಲೆಯಲ್ಲಿ ಒಂದು ತೇಪೆ ಹಚ್ಚಿ ಒಣಗಿಸಿಯೇ ನೋಡುವವನು. ಮೊಣಕೈ ಚಾಚಿದ. ತಾತ ಅದನ್ನು ಚಿವುಟಿದರು, ತಟ್ಟಿದರು.

"ಇದೇನು ಚರ್ಮವೋ ತಾರು ಹಾಕಿದ ರೋಡೋ? ಹದಿನೈದು ವರ್ಷದ ಬಣ್ಣ, ಟರ್ಪೆಂಟೈನು ಕುಡಿದು ಕೂತಿದೆ. ಇದಕ್ಕೆ ಏನು ಹಚ್ಚಿದ್ರೂ ಗೊತ್ತಾಗಲ್ಲ. ಮುಖಕ್ಕೇ ಹಚ್ಚಬೇಕು."

"ಡಾಕ್ಟರಮ್ಮ ಒಂದು ದಿನ ಬಿಡಿ ಅಂದ್ರು."

"ನಾಲ್ಕು ಗಂಟೆಗೆ ಇನ್ನೊಂದು ದಿನ ಎಲ್ಲಿಂದ ತರ್ತೀಯಾ? ಹದಿನೈದು ನಿಮಿಷ ಸಾಕು. ನಾನಿದ್ದೀನಲ್ಲ."

ಹೆಂಡತಿಯ ಮುಖಕ್ಕೆ ಆಗಬೇಕಾದ್ದು ನನ್ನ ಮುಖಕ್ಕೆ ಆಗಲಿ ಎಂದು ಅವನು ಕಣ್ಣು ಮುಚ್ಚಿ ಗಲ್ಲ ಎತ್ತಿದ. ಟೀಚರಮ್ಮ ಹಾಳೆ ತೆಗೆದು ಅಚ್ಚುಕಟ್ಟಾಗಿ ಒಂದು ಮುಖ ಬರೆದು ನಂಬರು ಹಾಕಿದರು. ಒಂದನೆಯದು ಬಲಗೆನ್ನೆ, ಎರಡನೆಯದು ಬಲಮೀಸೆಯ ಮೇಲೆ, ಮೂರನೆಯದು ಎಡಗೆನ್ನೆ.

"ಮೀಸೆ ಯಾಕೆ ಟೀಚರೇ?"

"ಜಾಗ ದೂರ ದೂರ ಇರಬೇಕು. ಇಲ್ದಿದ್ರೆ ಒಂದರ ಉತ್ತರ ಇನ್ನೊಂದು ಕಾಪಿ ಹೊಡೆಯುತ್ತೆ."

ತಾತ ಗಡಿಯಾರ ನೋಡಿ ಕೂತರು. ಎರಡು ನಿಮಿಷದಲ್ಲಿ, ಮುಖಕ್ಕೆ ಹಚ್ಚಿದಾಗ ಮಾತಾಡಬಹುದೇ ಬಾರದೇ ಎಂದು ಅವರಿಗೂ ಟೀಚರಮ್ಮನಿಗೂ ಹತ್ತಿತು. ಅದು ಮೆಟ್ಟಿಲು ಗುಡಿಸುವ ಸರದಿ ಯಾರದು ಎಂಬಲ್ಲಿಗೆ ಹೋಯಿತು, ಅಲ್ಲಿಂದ ಹೋದ ವರ್ಷದ ನೀರಿನ ನಲ್ಲಿಗೆ ಹೋಯಿತು. ಟೀಚರಮ್ಮ ಸಿಟ್ಟಿನಿಂದ ಮೇಲೆ ಹೋದರು. ತಾತ ಸಿಟ್ಟಿನಿಂದ ಒಳಗೆ ಹೋದರು. ಬೆಳಗಿನಿಂದ ಅಲೆದು ಬಂದವನು ಗೋಡೆಗೊರಗಿ, ಮೊದಲು ತಣ್ಣಗಿದ್ದ ಕ್ರೀಮಿನ ಹಿತಕ್ಕೆ, ನಿದ್ದೆ ಹೋದ.

ಎಚ್ಚರವಾದದ್ದು ಕೆನ್ನೆ ಉರಿದು. ಮೂರೂ ಕಾಲು ಗಂಟೆಯಾಗಿತ್ತು.

ಧಡಧಡ ಇಳಿದು ಕೆಳಗಿನ ನಲ್ಲಿಯಲ್ಲಿ ಮುಖ ತೊಳೆದು, ತಾತನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡ. ಎಡಗೆನ್ನೆ ಹಾಗೇ ಇತ್ತು. ಬಲಗೆನ್ನೆ ಯಾರೋ ಬಾರಿಸಿದಂತೆ ಕೆಂಪಗಾಗಿತ್ತು. ಮೀಸೆ ಎಡಕ್ಕೆ ಕಪ್ಪು, ಬಲಕ್ಕೆ ಚಿನ್ನ. ಇಬ್ಬರು ಬೇರೆ ಬೇರೆ ಗಂಡಸರು ಒಂದೇ ಮೂಗಿನಡಿ ಬಾಡಿಗೆಗೆ ಇದ್ದಂತೆ ಕಾಣುತ್ತಿತ್ತು.

ಬೇರೆಯವನಾದರೆ ಕೂತು ಅಳುತ್ತಿದ್ದ. ಇವನಿಗೆ ಒಂದು ಕ್ಷಣ ಸಂತೋಷವೇ ಆಯಿತು. ಉತ್ತರ ಸಿಕ್ಕಿತ್ತಲ್ಲ! ಚಿನ್ನ ಮಾಡಿದ್ದು ಬ್ಲೀಚ್, ಕೆಂಪು ಮಾಡಿದ್ದು ಸಿಪ್ಪೆ ತೆಗೆಯುವುದು, ಸುಮ್ಮನಿದ್ದದ್ದು ಬಿಸಿಲಿನದು. ಮೆಟ್ಟಿಲ ಕೆಳಗೆ ಇಟ್ಟಿದ್ದ ಹಸಿರು ಬಣ್ಣದ ಡಬ್ಬ ತೆರೆದು, ಸಣ್ಣ ಬ್ರಷ್ಷು ಹಿಡಿದು, ಮೇಸ್ತ್ರಿಯ ಮಾತಿನಂತೆ ಡಬ್ಬಿಗಳ ಮೈಮೇಲೇ ಬರೆದ: ಎರಡಕ್ಕೆ "ಹಚ್ಚಬಾರದು", ಮೂರಕ್ಕೆ "ಹಚ್ಚಬಹುದು". ಬರೆದಾದ ಮೇಲೆ ಬ್ರಷ್ಷು ಎಂದಿನ ಜಾಗಕ್ಕೆ ಹೋಗಬೇಕು. ಬಲಗಡೆ ಉರಿಯುತ್ತಿದ್ದರಿಂದ ಎಡಗಡೆ ಸಿಕ್ಕಿಸಿಕೊಂಡು, ದೂರ ಹಿಡಿದು ಅಕ್ಷರ ನೋಡಿ ತಲೆದೂಗಿದ. ಆಮೇಲೆ ಬ್ರಷ್ಷು ಎತ್ತಿಟ್ಟು, ತಲೆಗೂ ಮುಖಕ್ಕೂ ಟವೆಲು ಸುತ್ತಿಕೊಂಡು ಪಾರ್ಲರಿಗೆ ಓಡಿದ.

ಮುಸುಕು ಹಾಕಿದ ಗಂಡಸು ನುಗ್ಗಿದ್ದು ನೋಡಿ ಅಜ್ಜಿ ಹೆಣಿಗೆ ಕಡ್ಡಿ ಎತ್ತಿದರು. "ನಾನೇ ಅಜ್ಜಿ, ನಾನೇ!" ಎಂದು ಒಳಗೆ ಹೋದರೆ, ಹೆಂಡತಿ, ಅವನು ಮೆಟ್ಟಿಲ ಕೆಳಗೆ ಬಗ್ಗಿ ಬರೆಯುತ್ತಿದ್ದಾಗಲೇ ಮೇಲಿನಿಂದ ಇಳಿದು ಬಂದು, ಫ್ಯಾನಿನಡಿ ಕೂತಿದ್ದಳು. ಪಾರ್ಲರಿನಾಕೆ ಎದುರು ನಿಂತಿದ್ದಳು.

ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಅವನು ಒಂದೇ ಉಸಿರಿಗೆ ಹೇಳಿದ: "ಅಕ್ಕಾ, ಈ ಎರಡು ಇವಳ ಮುಖಕ್ಕೆ ಸೋಕಕೂಡದು. ಡಾಕ್ಟರಮ್ಮನ ಆರ್ಡರು. ಲೋಳೆಸರ, ಬಿಸಿಲಿನ ಕ್ರೀಮು ಸಾಕು. ಎಲ್ಲ ಬರೆದಿದ್ದೀನಿ."

"ಇವರ ಮುಖಕ್ಕಾ?" ಪಾರ್ಲರಿನಾಕೆ ಬೆರಗಾದಳು. "ಇವರಿಗೆ ಯಾಕಣ್ಣ ಇದೆಲ್ಲ? ಏಳು ತಿಂಗಳ ಬಸುರಿಗೆ ನಾನು ಬ್ಲೀಚ್ ಹಚ್ತೀನಾ? ಇವರಿಗೆ ಡಾಕ್ಟರು ಹೇಳಿದ್ದನ್ನ ಇವರೇ ಮನೇಲಿ ಮಾಡ್ಕೋತಾರೆ."

"ಮತ್ತೆ ನಾಲ್ಕು ಗಂಟೆ ಫೇಶಿಯಲ್ಲು?"

ಆಕೆ ಪುಸ್ತಕ ತಿರುಗಿಸಿ ತೋರಿಸಿದಳು. ನಾಲ್ಕು ಗಂಟೆಯ ಎದುರು ಬರೆದಿತ್ತು: "ಬಣ್ಣದ ಅಣ್ಣ. ದಪ್ಪ ಚರ್ಮ. ಜೋರಾಗಿ ಉಜ್ಜಬೇಕು. ಕಿವಿ ಮರೆಯಬಾರದು."

ಬೆಳಗಿನಿಂದ ಮೊದಲ ಸಲ ಹೆಂಡತಿ ಬಾಯಿ ಬಿಟ್ಟಳು.

"ನಾಳೆ ಮಗು ದೊಡ್ಡದಾಗಿ ಮದುವೆ ಫೋಟೋ ನೋಡಿ, ಅಮ್ಮಾ ಅಪ್ಪನ ಕಿವಿ ಯಾಕೆ ಹಸಿರು ಅಂತ ಕೇಳುತ್ತೆ. ಒಂದಾದ್ರೂ ಚೊಕ್ಕ ಫೋಟೋ ಇರ್ಲಿ ಅಂತ ನಿಮಗೆ ಹೇಳಿಟ್ಟಿದ್ದೆ ಕಣ್ರೀ. ಬೆಳಿಗ್ಗೆ ಅದನ್ನ ಹೇಳೋಕೇ ಕನ್ನಡಿ ಹತ್ರ ಬಂದಿದ್ದು. ಅಷ್ಟರಲ್ಲಿ ಪ್ರೈಮರ್ ಅಂದ್ರಿ." ಆಮೇಲೆ ಅವನ ಮುಸುಕು ನೋಡಿ, "ಟವೆಲು ಯಾಕೆ?" ಎಂದಳು.

ಅವನು ಮುಖದ ಮೇಲಿಂದ ಮೆಲ್ಲಗೆ ಸರಿಸಿ, ತಲೆಗೆ ಸುತ್ತಿದ್ದನ್ನು ಹಾಗೇ ಬಿಟ್ಟ.

ಅಜ್ಜಿಯ ಕೈಯಿಂದ ಹೆಣಿಗೆ ಬಿತ್ತು. ಹೆಂಡತಿ ಚಿನ್ನದ ಮೀಸೆ ನೋಡಿದಳು, ಕಪ್ಪು ಮೀಸೆ ನೋಡಿದಳು, ಮತ್ತೆ ಚಿನ್ನದ್ದು ನೋಡಿದಳು. ಅವಳ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ. ಕೊನೆಗೆ ಹೊಟ್ಟೆ ಹಿಡಿದುಕೊಂಡು, "ಸಾಕು, ಸಾಕು ಕಣ್ರೀ, ಒಳಗಿರೋದು ಒದೀತಿದೆ" ಎಂದು ನಕ್ಕಳು.

ಅವನು ಮುಖಕ್ಕೇ ಹಚ್ಚಿ ನೋಡಿದ್ದು ಯಾಕೆಂದು ಹೇಳಿದಾಗ ಮಾತ್ರ ಅವಳು ನಗು ನಿಲ್ಲಿಸಿ, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಪೆದ್ದು" ಎಂದು ಉರಿಯುವ ಕೆನ್ನೆಗೆ ಲೋಳೆಸರ ಹಚ್ಚಿದಳು.

ಪಾರ್ಲರಿನಾಕೆ ಇವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ ಪುಸ್ತಕದಲ್ಲಿ ನಾಲ್ಕು ಗಂಟೆಯನ್ನು ಹೊಡೆದು ಹಾಕಿದಳು. "ಈ ಚರ್ಮದ ಮೇಲೆ ಒಂದು ವಾರ ಇನ್ನೇನೂ ಹಚ್ಚೋ ಹಾಗಿಲ್ಲ. ಟವೆಲ್ಲಿಂದ ಒರೆಸೋದೂ ಬೇಡ."

"ಮೀಸೆ ತೆಗೆಸಿಬಿಡ್ಲಾ?"

"ಬೇಡ" ಎಂದಳು ಹೆಂಡತಿ. "ಮೀಸೆ ಇಲ್ದಿದ್ರೆ ಇವರ್ಯಾರು ಅಂತ ಅದನ್ನೂ ಮಗುಗೆ ಹೇಳಬೇಕಾಗುತ್ತೆ."

ಐದು ಗಂಟೆಗೆ ಸ್ಟುಡಿಯೋದವನು ಒಂದು ಕೈಲಿ ಬೀಗ ಹಿಡಿದೇ ಕಾಯುತ್ತಿದ್ದ. ಇವನನ್ನು ನೋಡಿ ಏನೂ ಕೇಳಲಿಲ್ಲ. ನಲವತ್ತು ವರ್ಷದಲ್ಲಿ ಎಂತೆಂಥ ಮುಖಗಳನ್ನೋ ನೋಡಿದ್ದವನು. "ಎಡಗಡೆ ಚೆನ್ನಾಗಿದೆ. ಬಲಗಡೆ ಆ ಕಡೆ ತಿರುಗಿಸಿ. ನೀವು ನಿಮ್ಮವರನ್ನೇ ನೋಡ್ತಾ ಕೂತ್ಕೊಳ್ಳಿ. ಕೆಂಪೂ ಕಾಣಲ್ಲ, ಬಂಗಾರವೂ ಕಾಣಲ್ಲ" ಎಂದ.

ಅವನು ತಲೆಯ ಟವೆಲು ತೆಗೆದು ಹಾಗೇ ಕೂತ. ಎದ್ದು ಬಂದು ಹೆಂಡತಿ ಅವನ ಬಲಗಿವಿಯನ್ನು ಹಿಡಿದು ಮಡಿಚಿ, ಹಿಂದೆ ಮುಂದೆ ನೋಡಿದಳು. ಚೊಕ್ಕವಾಗಿತ್ತು. "ಅಬ್ಬ, ಇದೊಂದು ಉಳೀತು" ಎಂದು ಹೋಗಿ ಪಕ್ಕದಲ್ಲಿ ಕೂತು ನಕ್ಕಳು. ಬಂಗು ಇದ್ದಲ್ಲೇ ಇತ್ತು. ಆ ನಗುವಿನಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ.

ಅರ್ಧ ಗಂಟೆಯಲ್ಲಿ ಫೋಟೋ ಕೈಗೆ ಬಂತು. ಹಿಂದೆಯೇ ಬಾಗಿಲು ಎಳೆದು ಬೀಗ ಹಾಕಿದ ಸದ್ದೂ ಬಂತು. ಇಬ್ಬರೂ ರಸ್ತೆಯ ದೀಪದಡಿ ನಿಂತು ನೋಡಿದರು. ಅವಳ ಮುಖ ಹುಣ್ಣಿಮೆ. ಇವನ ಮೀಸೆ ಕಪ್ಪು, ಕೆನ್ನೆ ತಿಳಿ, ಕಣ್ಣಲ್ಲಿ ಹೆಂಡತಿಯ ಮೇಲಿನ ಭಯಭಕ್ತಿ. ಮತ್ತು ಕ್ಯಾಮೆರಾದ ನೇರಕ್ಕೆ, ಬೆಳಕಿನಲ್ಲಿ ಮಿರಮಿರ ಮಿಂಚುತ್ತ, ಹೊಚ್ಚ ಹಸಿರು ಎಡಗಿವಿ.

ಅವಳು ಬಹಳ ಹೊತ್ತು ನೋಡಿದಳು. ಅವನು ಇನ್ನು ಎಷ್ಟು ದಿನ ಯಂತ್ರದ ಸದ್ದು ಕೇಳಬೇಕೋ ಎಂದು ಲೆಕ್ಕ ಹಾಕತೊಡಗಿದ್ದ.

"ಮನೆಗೆ ಹೋದ ತಕ್ಷಣ ಆ ಹಳೇ ಫೋಟೋ ಪಕ್ಕದಲ್ಲೇ ಒಂದು ಮೊಳೆ ಹೊಡೀರಿ" ಎಂದಳು ಅವಳು, ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತ. "ಅದ್ರಲ್ಲಿ ಬಲಗಿವಿ, ಇದ್ರಲ್ಲಿ ಎಡಗಿವಿ. ಸದ್ಯ, ಜೋಡಿ ಆಯ್ತು."